ಎ.ಆರ್. ಕನ್ನಡಕ ಮತ್ತು ಕಾರ್ಖಾನೆಯ ಉಪಕರಣಗಳು: ಹೊಂದಾಣಿಕೆಯ ಲೆಕ್ಕಾಚಾರ

ಕೈಗಾರಿಕಾ ರಂಗದಲ್ಲಿ ಹೊಸ ಉಪಕರಣವೊಂದು ಕಾಲಿಟ್ಟಾಗಲೆಲ್ಲ ಅದರ ಬೆಲೆಯ ಬಗ್ಗೆ ನಡೆಯುವಷ್ಟು ಚರ್ಚೆ ಅದರ ಹೊಂದಾಣಿಕೆಯ ಬಗ್ಗೆ ನಡೆಯುವುದಿಲ್ಲ. ಆಗ್ಮೆಂಟೆಡ್ ರಿಯಾಲಿಟಿ ಅಥವಾ ವರ್ಧಿತ ವಾಸ್ತವ ಎಂಬ ತಂತ್ರಜ್ಞಾನವನ್ನು ಆಧರಿಸಿದ ಕನ್ನಡಕಗಳ ವಿಷಯದಲ್ಲಿಯೂ ಇದೇ ಸ್ಥಿತಿ ಇದೆ. ಕಣ್ಣಿಗೆ ಧರಿಸಿದ ಕನ್ನಡಕದಲ್ಲಿ ನಕ್ಷೆ, ಅಳತೆ ಹಾಗೂ ಮುಂದಿನ ಕೆಲಸದ ಸೂಚನೆ ಮೂಡುತ್ತದೆ; ಕಾರ್ಮಿಕನ ಎರಡೂ ಕೈಗಳು ಕೆಲಸಕ್ಕೆ ಮುಕ್ತವಾಗಿರುತ್ತವೆ. ಪ್ರದರ್ಶನ ಮಳಿಗೆಯಲ್ಲಿ ಇದನ್ನು ನೋಡಿದ ಉದ್ಯಮಿಗೆ ಆಕರ್ಷಣೆ ಉಂಟಾಗುವುದು ಸಹಜ. ಆದರೆ ಅದೇ ಕನ್ನಡಕ ತನ್ನ ಶೆಡ್ಡಿನಲ್ಲಿರುವ ಲೇತ್, ವರ್ನಿಯರ್, ಬಾರ್‌ಕೋಡ್ ಸ್ಕ್ಯಾನರ್ ಮತ್ತು ಬಿಲ್ಲಿಂಗ್ ಕಂಪ್ಯೂಟರ್‌ಗಳೊಂದಿಗೆ ಮಾತನಾಡದಿದ್ದರೆ, ಹೂಡಿದ ಹಣ ಕಪಾಟಿನಲ್ಲಿ ಧೂಳು ಹಿಡಿಯುವುದು ಖಚಿತ. ಆದ್ದರಿಂದ ಈ ಹೊಂದಾಣಿಕೆಯ ತಾಂತ್ರಿಕ ಹಾಗೂ ಆರ್ಥಿಕ ಅಂಶಗಳನ್ನು ಸಣ್ಣ ಉದ್ಯಮಿಗಳು ಖರೀದಿಗೆ ಮುನ್ನವೇ ಅರಿತುಕೊಳ್ಳುವುದು ಅವಶ್ಯಕ.

ಹಿನ್ನೆಲೆ

ವರ್ಧಿತ ವಾಸ್ತವಕ್ಕೆ ಈ ಹೆಸರು ಬಂದದ್ದು ಆಟಿಕೆಗಳ ಲೋಕದಿಂದಲ್ಲ, ಕಾರ್ಖಾನೆಯಿಂದ. ಅಮೆರಿಕದ ಬೋಯಿಂಗ್ ವಿಮಾನ ಸಂಸ್ಥೆಯಲ್ಲಿ ವಿದ್ಯುತ್ ತಂತಿಗಳ ಕಟ್ಟನ್ನು ದೊಡ್ಡ ಹಲಗೆಗಳ ಮೇಲೆ ಜೋಡಿಸಬೇಕಾಗುತ್ತಿತ್ತು. ಪ್ರತಿಯೊಂದು ಮಾದರಿಗೂ ಬೇರೆ ಬೇರೆ ಹಲಗೆ ಬೇಕಾಗುತ್ತಿತ್ತು. ಈ ತೊಡಕನ್ನು ನಿವಾರಿಸಲು ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬ ಸಂಶೋಧಕರು, ತಂತಿಯ ದಾರಿಯನ್ನು ಕಾರ್ಮಿಕನ ಕಣ್ಣೆದುರಿಗೇ ತೋರಿಸುವ ಶಿರೋಧಾರ್ಯ ಸಾಧನವನ್ನು 1992ರ ಪ್ರಬಂಧದಲ್ಲಿ ವಿವರಿಸಿದರು. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ಬಳಕೆಗೆ ಬಂದದ್ದು ಈ ಕಾರ್ಯದಿಂದಲೇ.

ಉಗ್ರಾಣ ನಿರ್ವಹಣೆಯಲ್ಲಿಯೂ ಇದರ ಪ್ರಯೋಗ ನಡೆದಿದೆ. ಸರಕು ಸಾಗಣೆ ಸಂಸ್ಥೆಯಾದ ಡಿಎಚ್‌ಎಲ್, ರಿಕೋ ಸಂಸ್ಥೆಯ ಸಹಯೋಗದೊಂದಿಗೆ ನೆದರ್‌ಲ್ಯಾಂಡ್ಸ್‌ನ ಬರ್ಗನ್ ಆಪ್ ಜೂಮ್ ಪಟ್ಟಣದ ಉಗ್ರಾಣದಲ್ಲಿ 3 ವಾರಗಳ ಕಾಲ 10 ಸಿಬ್ಬಂದಿಗೆ ಇಂತಹ ಕನ್ನಡಕಗಳನ್ನು ನೀಡಿತು. ಆ ಅವಧಿಯಲ್ಲಿ 9,000 ಬೇಡಿಕೆಗಳಿಗಾಗಿ 20,000ಕ್ಕೂ ಹೆಚ್ಚು ಸಾಮಗ್ರಿಗಳನ್ನು ಆಯ್ದು ತೆಗೆಯಲಾಯಿತು. ದಕ್ಷತೆ ಶೇ. 25ರಷ್ಟು ಹೆಚ್ಚಿತೆಂದು ಸಂಸ್ಥೆ 2015ರ ಜನವರಿಯಲ್ಲಿ ಪ್ರಕಟಿಸಿತು.

ಒಂದು ರೆಂಚ್ ಕಲಿಸುವ ಪಾಠ

ಹೊಂದಾಣಿಕೆ ಎಂದರೇನು ಎಂಬುದನ್ನು ಸ್ಪಷ್ಟವಾಗಿ ತೋರುವ ನಿದರ್ಶನ ಅಮೆರಿಕದ ಸಿನ್ಸಿನಾಟಿಯದು. ಆಗ ಜಿಇ ಏವಿಯೇಷನ್ ಎಂದೂ ಈಗ ಜಿಇ ಏರೋಸ್ಪೇಸ್ ಎಂದೂ ಹೆಸರಿರುವ ಸಂಸ್ಥೆ ವಿಮಾನದ ಎಂಜಿನ್‌ಗಳನ್ನು ತಯಾರಿಸುತ್ತದೆ. ಎಂಜಿನ್ನಿನ ದ್ರವ ಕೊಳವೆಗಳನ್ನು ಜೋಡಿಸುವ ನಟ್‌ಗಳನ್ನು ನಿಗದಿತ ಬಲದಿಂದಲೇ ಬಿಗಿಗೊಳಿಸಬೇಕು. ಬಲ ಕಡಿಮೆಯಾದರೂ ಹೆಚ್ಚಾದರೂ ಸೋರಿಕೆಯ ಅಪಾಯವಿದೆ. ಹಿಂದೆ ಕಾರ್ಮಿಕನು ಕೆಲಸ ನಿಲ್ಲಿಸಿ, ಕೈಪಿಡಿ ಇಲ್ಲವೇ ಕಂಪ್ಯೂಟರ್ ಪರದೆಯನ್ನು ನೋಡಿ, ಅಂಕಿಯನ್ನು ನೆನಪಿಟ್ಟುಕೊಂಡು ಮರಳಬೇಕಾಗುತ್ತಿತ್ತು.

ಹೊಸ ವ್ಯವಸ್ಥೆಯಲ್ಲಿ ಕಾರ್ಮಿಕನು ಗೂಗಲ್ ಗ್ಲಾಸ್ ಕನ್ನಡಕ ಧರಿಸುತ್ತಾನೆ; ಕೈಯಲ್ಲಿ ವೈ-ಫೈ ಸಂಪರ್ಕವುಳ್ಳ ಟಾರ್ಕ್ ರೆಂಚ್ ಇರುತ್ತದೆ. ಯಾವ ನಟ್ಟಿಗೆ ಎಷ್ಟು ಬಲ ಎಂಬುದು ಕನ್ನಡಕದಲ್ಲಿ ಮೂಡುತ್ತದೆ. ರೆಂಚ್ ತಾನು ಪ್ರಯೋಗಿಸಿದ ಬಲವನ್ನು ತಂತ್ರಾಂಶಕ್ಕೆ ಕಳುಹಿಸುತ್ತದೆ. ಅಳತೆ ಸರಿಯಿದ್ದರೆ ಮಾತ್ರ ಮುಂದಿನ ಹಂತ ತೆರೆದುಕೊಳ್ಳುತ್ತದೆ. ಈ ಪ್ರಯೋಗದಲ್ಲಿ ಸರಾಸರಿ ಶೇ. 8ರಿಂದ 12ರಷ್ಟು ದಕ್ಷತೆ ಹೆಚ್ಚಿತೆಂದು 2017ರಲ್ಲಿ ವರದಿಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕನ್ನಡಕ ಮಾಡಿದ್ದು ತೋರಿಸುವ ಕೆಲಸವನ್ನು ಮಾತ್ರ. ತಪ್ಪನ್ನು ತಡೆದದ್ದು ರೆಂಚ್, ಜಾಲ ಮತ್ತು ತಂತ್ರಾಂಶಗಳ ನಡುವಣ ಸಂಪರ್ಕ. ಈ ಸಂಪರ್ಕವಿಲ್ಲದಿದ್ದರೆ ಕನ್ನಡಕವು ಗೋಡೆಗೆ ಅಂಟಿಸಿದ ಸೂಚನಾ ಪಟ್ಟಿಗಿಂತ ಹೆಚ್ಚಿನದೇನನ್ನೂ ಮಾಡಲಾರದು. ಬಂಡವಾಳ ಹೂಡುವವರು ಮೊದಲು ಹೂಡಬೇಕಾದುದು ಈ ಸಂಪರ್ಕದ ಮೇಲೆ.

ಕನ್ನಡಕಗಳ ಮೂರು ವರ್ಗ

ಮಾರುಕಟ್ಟೆಯಲ್ಲಿ ಎಲ್ಲವನ್ನೂ ‘ಎ.ಆರ್. ಕನ್ನಡಕ’ ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ. ವಾಸ್ತವದಲ್ಲಿ ಇವುಗಳಲ್ಲಿ ಮೂರು ವರ್ಗಗಳಿವೆ.

ಮೊದಲನೆಯದು, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ಗೆ ತಂತಿಯಿಂದ ಜೋಡಿಸುವ ಕನ್ನಡಕ. ಇದು ಮೂಲತಃ ಕಣ್ಣಿನ ಮುಂದಿನ ಪರದೆ. ಎಕ್ಸ್‌ರಿಯಲ್ ಏರ್ ಮಾದರಿ ಇದಕ್ಕೆ ಉದಾಹರಣೆ. ಎರಡನೆಯದು, ಒಂದೇ ಕಣ್ಣಿನ ಮುಂದೆ ಸಣ್ಣ ಪರದೆಯುಳ್ಳ, ತನ್ನದೇ ಕಂಪ್ಯೂಟರ್ ಹೊಂದಿರುವ ಸಾಧನ. ವುಜಿಕ್ಸ್ ಎಂ400, ರಿಯಲ್‌ವೇರ್ ಸಂಸ್ಥೆಯ ಸಾಧನಗಳು ಈ ವರ್ಗದವು. ಇವು ಆಂಡ್ರಾಯ್ಡ್ ಆಧಾರಿತವಾಗಿವೆ. ಮೂರನೆಯದು, ಕೋಣೆಯ ಆಕಾರವನ್ನು ಅಳೆದು ಯಂತ್ರದ ನಿರ್ದಿಷ್ಟ ಜಾಗದ ಮೇಲೆಯೇ ಚಿತ್ರವನ್ನು ನಿಲ್ಲಿಸಬಲ್ಲ ಸಾಧನ. ಮೈಕ್ರೋಸಾಫ್ಟ್ ಹೊಲೊಲೆನ್ಸ್ 2 ಮತ್ತು ಮ್ಯಾಜಿಕ್ ಲೀಪ್ 2 ಈ ಬಗೆಯವು.

ಬೆಲೆಯಲ್ಲಿ ಮೂರನೆಯ ವರ್ಗ ಎಲ್ಲಕ್ಕಿಂತ ದುಬಾರಿ. ಹೊಲೊಲೆನ್ಸ್ 2ರ ಬೆಲೆ 2019ರಲ್ಲಿ 3,500 ಡಾಲರ್ ಆಗಿತ್ತು; ತೂಕ 566 ಗ್ರಾಂ; ಸತತ ಬಳಕೆಯಲ್ಲಿ ಬ್ಯಾಟರಿ ಬಾಳಿಕೆ 2ರಿಂದ 3 ಗಂಟೆ. ಎಂಟು ಗಂಟೆಯ ಪಾಳಿಗೆ ಇದು ಸಾಲದು. ಸ್ಟೋರ್ಸ್‌ನಲ್ಲಿ ಸಾಮಗ್ರಿ ಆಯ್ದುಕೊಡುವುದು, ತಪಾಸಣಾ ಪಟ್ಟಿಯನ್ನು ಓದುವುದು ಮುಂತಾದ ಕೆಲಸಗಳಿಗೆ ಎರಡನೆಯ ವರ್ಗವೇ ಸಾಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ತಂತಿಯ ಹೊಂದಾಣಿಕೆ

ತಂತಿಯಿಂದ ಜೋಡಿಸುವ ಕನ್ನಡಕಗಳು ಯುಎಸ್‌ಬಿ-ಸಿ ಕಿಂಡಿಯನ್ನು ಬಳಸುತ್ತವೆ. ಕಿಂಡಿಯ ಆಕಾರ ಒಂದೇ ಆದರೂ ಅದರ ಸಾಮರ್ಥ್ಯ ಒಂದೇ ಆಗಿರುವುದಿಲ್ಲ ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ. ಚಿತ್ರವನ್ನು ಹೊರಕ್ಕೆ ಕಳುಹಿಸಲು ಮೊಬೈಲ್‌ನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯ ಇರಬೇಕು. ಅಗ್ಗದ ಅನೇಕ ಮೊಬೈಲ್‌ಗಳಲ್ಲಿ ಈ ಕಿಂಡಿ ಚಾರ್ಜಿಂಗ್ ಹಾಗೂ ಸಾಧಾರಣ ವೇಗದ ದತ್ತಾಂಶ ರವಾನೆಗೆ ಮಾತ್ರ ಸೀಮಿತವಾಗಿರುತ್ತದೆ. ಆಪಲ್ ಸಂಸ್ಥೆಯ ಐಫೋನ್‌ಗಳಲ್ಲಿ ಯುಎಸ್‌ಬಿ-ಸಿ ಬಂದದ್ದೇ 2023ರ ಐಫೋನ್ 15 ಮಾದರಿಯಿಂದ.

ಕೇಬಲ್‌ನ ವಿಷಯವೂ ಇದೇ ರೀತಿ. ಚಾರ್ಜರ್ ಜೊತೆ ಬರುವ ಸಾಮಾನ್ಯ ಕೇಬಲ್‌ನಲ್ಲಿ ಅತಿವೇಗದ ತಂತಿ ಜೋಡಿಗಳೇ ಇರುವುದಿಲ್ಲ. ಅದನ್ನು ಬಳಸಿದಾಗ ಕನ್ನಡಕದಲ್ಲಿ ಏನೂ ಮೂಡದೆ, ಕನ್ನಡಕವೇ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಇದಲ್ಲದೆ, ಈ ಬಗೆಯ ಕನ್ನಡಕ ತನಗೆ ಬೇಕಾದ ವಿದ್ಯುತ್ತನ್ನು ಮೊಬೈಲ್‌ನಿಂದಲೇ ಎಳೆದುಕೊಳ್ಳುತ್ತದೆ. ಮೊಬೈಲ್‌ನ ಏಕೈಕ ಕಿಂಡಿ ಕನ್ನಡಕಕ್ಕೆ ಮೀಸಲಾದಾಗ ಚಾರ್ಜ್ ಮಾಡಲು ದಾರಿ ಉಳಿಯುವುದಿಲ್ಲ. ಚಾರ್ಜಿಂಗ್ ಮತ್ತು ಚಿತ್ರ ಎರಡನ್ನೂ ಹಾಯಿಸುವ ಹಬ್ ಕೊಳ್ಳುವ ಖರ್ಚನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ನಿಸ್ತಂತು ಸಂಪರ್ಕ

ತನ್ನದೇ ಕಂಪ್ಯೂಟರ್ ಹೊಂದಿರುವ ಕನ್ನಡಕಗಳು ವೈ-ಫೈ ಮತ್ತು ಬ್ಲೂಟೂತ್ ಅವಲಂಬಿಸುತ್ತವೆ. ಬ್ಲೂಟೂತ್ ಹಾಗೂ ಹಳೆಯ ವೈ-ಫೈ ಎರಡೂ 2.4 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಕಾರ್ಯ ನಿರ್ವಹಿಸುತ್ತವೆ. ಒಂದೇ ಶೆಡ್ಡಿನಲ್ಲಿ ಹತ್ತಾರು ಮೊಬೈಲ್‌ಗಳಿದ್ದರೆ ಇಲ್ಲಿ ದಟ್ಟಣೆ ಉಂಟಾಗುತ್ತದೆ. ತಗಡಿನ ಛಾವಣಿ, ಕಬ್ಬಿಣದ ರ‍್ಯಾಕ್‌ಗಳು ಸಂಕೇತವನ್ನು ಪ್ರತಿಫಲಿಸಿ ಕೆಲವು ಮೂಲೆಗಳಲ್ಲಿ ಸಂಪರ್ಕ ದುರ್ಬಲವಾಗುವಂತೆ ಮಾಡುತ್ತವೆ. ಕನ್ನಡಕವನ್ನು 5 ಗಿಗಾಹರ್ಟ್ಸ್ ವೈ-ಫೈಗೆ ಜೋಡಿಸಿ, 2.4 ಗಿಗಾಹರ್ಟ್ಸ್ ಅನ್ನು ಬ್ಲೂಟೂತ್ ಉಪಕರಣಗಳಿಗೆ ಬಿಡುವುದು ಒಳ್ಳೆಯ ಕ್ರಮ. ಆದರೆ 5 ಗಿಗಾಹರ್ಟ್ಸ್ ಸಂಕೇತ ಗೋಡೆಗಳನ್ನು ಅಷ್ಟಾಗಿ ದಾಟುವುದಿಲ್ಲವಾದ್ದರಿಂದ ಹೆಚ್ಚುವರಿ ಪ್ರಸಾರ ಪೆಟ್ಟಿಗೆಗಳು ಬೇಕಾಗಬಹುದು.

ಬ್ಲೂಟೂತ್ ಉಪಕರಣಗಳನ್ನು ಕೊಳ್ಳುವಾಗ ಒಂದು ಸರಳ ಪ್ರಶ್ನೆ ಬಹಳಷ್ಟು ತೊಂದರೆಯನ್ನು ತಪ್ಪಿಸುತ್ತದೆ: “ಇದು ಕೀಬೋರ್ಡ್ ರೀತಿಯಲ್ಲಿ ಕೆಲಸ ಮಾಡುತ್ತದೆಯೇ?” ಕೀಬೋರ್ಡ್ ವಿಧಾನವುಳ್ಳ ಸ್ಕ್ಯಾನರ್ ಅಥವಾ ಡಿಜಿಟಲ್ ವರ್ನಿಯರ್, ತಾನು ಓದಿದ ಅಂಕಿಯನ್ನು ಯಾರೋ ಬೆರಳಚ್ಚು ಮಾಡಿದಂತೆ ಕಳುಹಿಸುತ್ತದೆ. ಬ್ಲೂಟೂತ್ ಕೀಬೋರ್ಡನ್ನು ಒಪ್ಪುವ ಕನ್ನಡಕ ಇದನ್ನು ಸ್ವೀಕರಿಸಬಲ್ಲದು. ತಯಾರಕರ ಸ್ವಂತ ವಿಧಾನವನ್ನಷ್ಟೇ ಬಳಸುವ ಉಪಕರಣಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಆ ತಂತ್ರಾಂಶ ಕನ್ನಡಕದಲ್ಲಿ ಸ್ಥಾಪನೆಯಾಗುವುದೇ ಎಂಬುದು ಮತ್ತೊಂದು ಪ್ರಶ್ನೆ.

ಹಳೆಯ ಯಂತ್ರಗಳಿಗೆ ದುಭಾಷಿ

ಸಣ್ಣ ಕೈಗಾರಿಕೆಗಳಲ್ಲಿ ಹಳೆಯ ಯಂತ್ರಗಳ ಸಂಖ್ಯೆಯೇ ಹೆಚ್ಚು. ಇವುಗಳನ್ನು ಬದಲಿಸದೆಯೇ ಕನ್ನಡಕಕ್ಕೆ ಜೋಡಿಸಲು ಸಾಧ್ಯವಿದೆ. ಅನೇಕ ನಿಯಂತ್ರಕಗಳಲ್ಲಿ ಆರ್‌ಎಸ್-232 ಅಥವಾ ಆರ್‌ಎಸ್-485 ಸಂಪರ್ಕ ಇರುತ್ತದೆ. ಇವುಗಳಲ್ಲಿ ಹಲವು, ಮೋಡಿಕಾನ್ ಸಂಸ್ಥೆ 1979ರಲ್ಲಿ ರೂಪಿಸಿದ ‘ಮೋಡ್‌ಬಸ್’ ಭಾಷೆಯಲ್ಲಿ ಮಾತನಾಡುತ್ತವೆ. ಕನ್ನಡಕಕ್ಕೆ ಈ ಭಾಷೆ ಸಾಮಾನ್ಯವಾಗಿ ಬಾರದು. ಆದ್ದರಿಂದ ನಡುವೆ ‘ಗೇಟ್‌ವೇ’ ಎಂಬ ಸಣ್ಣ ಪೆಟ್ಟಿಗೆಯನ್ನು ಇರಿಸಲಾಗುತ್ತದೆ. ಅದು ಯಂತ್ರದ ಅಂಕಿಗಳನ್ನು ಓದಿ ಎಂಕ್ಯೂಟಿಟಿ ಅಥವಾ ಓಪಿಸಿ ಯುಎ ಎಂಬ ಮುಕ್ತ ಮಾನಕಗಳಿಗೆ ಪರಿವರ್ತಿಸುತ್ತದೆ. ಎಂಕ್ಯೂಟಿಟಿ 1999ರಲ್ಲಿ ರೂಪುಗೊಂಡು, 2016ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮುಕ್ತ ಮಾನಕವೆಂದರೆ ಯಾವ ಒಂದು ಕಂಪನಿಯ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ನಿಯಮಾವಳಿ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಒಂದು, ಗೇಟ್‌ವೇ ಯಂತ್ರದ ಅಂಕಿಗಳನ್ನು ಓದುವಂತಿರಬೇಕೇ ಹೊರತು ಯಂತ್ರಕ್ಕೆ ಆಜ್ಞೆ ನೀಡುವಂತಿರಬಾರದು. ಕನ್ನಡಕ ಕಳೆದುಹೋದರೂ ಯಂತ್ರ ಸುರಕ್ಷಿತವಾಗಿರಬೇಕು. ಎರಡು, ಯಂತ್ರಗಳ ಜಾಲವನ್ನು ಕಚೇರಿಯ ಇಂಟರ್‌ನೆಟ್ ಜಾಲದಿಂದ ಬೇರ್ಪಡಿಸಬೇಕು. ಮೂರು, ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್‌ಗಳ ಪಕ್ಕದಲ್ಲಿ ಕವಚವಿಲ್ಲದ ಸಂಪರ್ಕ ತಂತಿಯನ್ನು ಎಳೆದರೆ ಅಂಕಿಗಳು ತಪ್ಪಾಗಿ ಬರುತ್ತವೆ. ಕವಚವುಳ್ಳ ತಂತಿಯನ್ನೇ ಬಳಸಬೇಕು.

ವೇಗದ ವಿಷಯದಲ್ಲಿಯೂ ವಿವೇಚನೆ ಬೇಕು. ತಲೆ ತಿರುಗಿಸಿದಾಗ ಚಿತ್ರವೂ ಜೊತೆಯಲ್ಲೇ ಸರಿಯಬೇಕಾದರೆ ವಿಳಂಬ ಸುಮಾರು 20 ಮಿಲಿಸೆಕೆಂಡ್ ಮೀರಬಾರದು. ಮೀರಿದರೆ ತಲೆಸುತ್ತು ಬರಬಹುದು. ಈ ಲೆಕ್ಕವನ್ನು ಕನ್ನಡಕದ ಒಳಗೇ ಮಾಡಬೇಕು. ಆದರೆ ಕುಲುಮೆಯ ಉಷ್ಣತೆ ಅಥವಾ ಉತ್ಪಾದನೆಯ ಎಣಿಕೆ ಸೆಕೆಂಡಿಗೊಮ್ಮೆ ಬಂದರೂ ಸಾಕು. ಎಲ್ಲ ದತ್ತಾಂಶಕ್ಕೂ ಅತಿವೇಗದ ಜಾಲ ಬೇಕೆಂಬ ಮಾರಾಟಗಾರರ ವಾದವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ತಯಾರಕರು ಹಿಂದೆ ಸರಿದಾಗ

ಈ ಕ್ಷೇತ್ರದಲ್ಲಿ ಅತಿ ದೊಡ್ಡ ಅಪಾಯ ತಾಂತ್ರಿಕವಾದುದಲ್ಲ, ವ್ಯಾವಹಾರಿಕವಾದುದು. ಗೂಗಲ್ ಗ್ಲಾಸ್‌ನ ಮೊದಲ ಮಾದರಿಯ ಮಾರಾಟ 2015ರ ಜನವರಿಯಲ್ಲಿ ನಿಂತಿತು. ಉದ್ದಿಮೆಗಳಿಗಾಗಿ 2017ರಲ್ಲಿ ಪುನಃ ಬಂದ ಮಾದರಿಯೂ 2023ರ ಮಾರ್ಚ್‌ನಲ್ಲಿ ನಿಂತು, ಅದೇ ವರ್ಷದ ಸೆಪ್ಟೆಂಬರ್ 15ಕ್ಕೆ ತಾಂತ್ರಿಕ ಬೆಂಬಲ ಕೊನೆಗೊಂಡಿತು. ಮೈಕ್ರೋಸಾಫ್ಟ್ ಸಂಸ್ಥೆ ಹೊಲೊಲೆನ್ಸ್ 2ರ ತಯಾರಿಕೆ ನಿಂತಿರುವುದನ್ನು 2024ರ ಅಕ್ಟೋಬರ್‌ನಲ್ಲಿ ದೃಢಪಡಿಸಿತು. ಬೆಂಬಲ 2027ರ ಡಿಸೆಂಬರ್ 31ರವರೆಗೆ ಮಾತ್ರ ಎಂದು ಪ್ರಕಟಿಸಿದೆ. 2018ರಲ್ಲಿ 2,295 ಡಾಲರ್ ಬೆಲೆಗೆ ಬಂದ ಮ್ಯಾಜಿಕ್ ಲೀಪ್‌ನ ಮೊದಲ ಸಾಧನ, ಅದರ ಆಧಾರವಾಗಿದ್ದ ದೂರದ ಸರ್ವರ್ ಸೇವೆ 2024ರ ಡಿಸೆಂಬರ್ 31ರಂದು ಕೊನೆಗೊಂಡುದರಿಂದ ತನ್ನ ಮುಖ್ಯ ಉಪಯೋಗವನ್ನೇ ಕಳೆದುಕೊಂಡಿತು.

ಸಾಧನ ಕೆಡದಿದ್ದರೂ ನಿರುಪಯುಕ್ತವಾಗುವ ಇಂತಹ ಸ್ಥಿತಿ ಲೇತ್ ಅಥವಾ ಡ್ರಿಲ್ಲಿಂಗ್ ಯಂತ್ರ ಕೊಂಡವರಿಗೆ ಅಪರಿಚಿತ. ಇದಕ್ಕೆ ಪರಿಹಾರವೆಂದರೆ ಕೆಲಸದ ಸೂಚನೆಗಳು, ಚಿತ್ರಗಳು ಹಾಗೂ ಅಳತೆಯ ದಾಖಲೆಗಳು ಯಾವುದೇ ಕನ್ನಡಕದ ಸ್ವಂತ ನಮೂನೆಯಲ್ಲಿರದೆ, ಉದ್ದಿಮೆಯ ಸ್ವಂತ ಕಂಪ್ಯೂಟರಿನಲ್ಲಿ ಸಾಮಾನ್ಯ ನಮೂನೆಯಲ್ಲಿರುವುದು. ಸೂಚನೆಗಳನ್ನು ಬ್ರೌಸರ್ ಮೂಲಕ ತೆರೆಯುವಂತೆ ರೂಪಿಸಿದರೆ ಅವು ಮೊಬೈಲ್, ಟ್ಯಾಬ್ಲೆಟ್ ಮತ್ತು ಬ್ರೌಸರ್ ಇರುವ ಕನ್ನಡಕಗಳಲ್ಲಿ ಸ್ವಲ್ಪ ಮಾರ್ಪಾಟಿನಿಂದ ಬಳಕೆಗೆ ಬರುತ್ತವೆ. ಮೂರನೆಯ ವರ್ಗದ ಸಾಧನಗಳಿಗೆ ತಂತ್ರಾಂಶ ಬರೆಸುವವರು, ಕ್ರೋನೋಸ್ ಗ್ರೂಪ್ 2019ರಲ್ಲಿ ಹೊರತಂದ ‘ಓಪನ್‌ಎಕ್ಸ್‌ಆರ್’ ಎಂಬ ಮುಕ್ತ ಮಾನಕಕ್ಕೆ ಅನುಗುಣವಾಗಿ ಬರೆಸುವುದು ಕ್ಷೇಮ.

ಲೆಕ್ಕದ ವಿಧಾನ

ಲೆಕ್ಕ ಹಾಕುವ ವಿಧಾನವನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಎರಡು ಕನ್ನಡಕಗಳಿಗೆ ರೂ. 2,00,000, ಗೇಟ್‌ವೇ, ವೈ-ಫೈ ಮತ್ತು ಸಂಪರ್ಕವುಳ್ಳ ಅಳತೆ ಉಪಕರಣಗಳಿಗೆ ರೂ. 1,00,000, ತಂತ್ರಾಂಶದ ವಾರ್ಷಿಕ ಶುಲ್ಕ ರೂ. 60,000 ಎಂದಿಟ್ಟುಕೊಳ್ಳೋಣ. ಮೂರು ವರ್ಷ ಬಾಳಿದರೆ ಒಟ್ಟು ವೆಚ್ಚ ರೂ. 4,80,000. ತಿಂಗಳಿಗೆ ಸುಮಾರು ರೂ. 13,333.

ಒಂದು ವರ್ಷದ ನಂತರ ಕನ್ನಡಕದ ತಯಾರಕರು ಹಿಂದೆ ಸರಿದರೆಂದು ಭಾವಿಸೋಣ. ಮುಕ್ತ ಮಾನಕಗಳಿದ್ದಲ್ಲಿ ಕನ್ನಡಕಗಳನ್ನು ಮಾತ್ರ ಬದಲಿಸಿದರೆ ಸಾಕು. ಮೂರು ವರ್ಷದ ವೆಚ್ಚ ರೂ. 6,80,000, ಅಂದರೆ ತಿಂಗಳಿಗೆ ಸುಮಾರು ರೂ. 18,889. ಎಲ್ಲವೂ ಒಂದೇ ಕಂಪನಿಯ ಮುಚ್ಚಿದ ವ್ಯವಸ್ಥೆಯಾಗಿದ್ದರೆ ಗೇಟ್‌ವೇ ಮತ್ತು ಉಪಕರಣಗಳೂ ಬದಲಾಗಬೇಕು, ವೆಚ್ಚ ರೂ. 7,80,000, ತಿಂಗಳಿಗೆ ಸುಮಾರು ರೂ. 21,667. ಇದರ ಮೇಲೆ ಎಲ್ಲ ಕೆಲಸದ ಸೂಚನೆಗಳನ್ನು ಮತ್ತೆ ತಯಾರಿಸುವ ಶ್ರಮ ಬೇರೆ. ಈ ಮೊತ್ತವನ್ನು ತಿಂಗಳಿಗೆ ತಿರಸ್ಕೃತವಾಗುವ ಮಾಲು, ಮರುಕೆಲಸ ಹಾಗೂ ತಪ್ಪು ಸಾಮಗ್ರಿ ರವಾನೆಯಿಂದಾಗುವ ನಷ್ಟದೊಂದಿಗೆ ಹೋಲಿಸಬೇಕು. ನಷ್ಟದ ಅಂಕಿ ಪುಸ್ತಕದಲ್ಲಿ ದಾಖಲಾಗಿಲ್ಲದಿದ್ದರೆ, ಮೊದಲ ಮೂರು ತಿಂಗಳು ಅದನ್ನು ದಾಖಲಿಸಿದ ನಂತರವೇ ಖರೀದಿಯ ನಿರ್ಧಾರಕ್ಕೆ ಬರುವುದು ಸೂಕ್ತ.

ತೆರಿಗೆ ಮತ್ತು ಕಾನೂನು

ವ್ಯವಹಾರಕ್ಕಾಗಿ ಕೊಂಡ ಬಂಡವಾಳ ಸರಕಿನ ಮೇಲೆ ಪಾವತಿಸಿದ ಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿಯು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ತೆರಿಗೆಯ ಭಾಗವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದಲ್ಲಿ ಆ ಜಮೆ ದೊರೆಯುವುದಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಲಭ್ಯವಿಲ್ಲವಾದ್ದರಿಂದ ಅವರಿಗೆ ತೆರಿಗೆಯೂ ವೆಚ್ಚವೇ ಆಗುತ್ತದೆ. ಸವಕಳಿಗಾಗಿ ಕನ್ನಡಕ, ಗೇಟ್‌ವೇ, ತಂತ್ರಾಂಶ ಮತ್ತು ಅಳತೆ ಉಪಕರಣಗಳಿಗೆ ಪ್ರತ್ಯೇಕ ಬೆಲೆ ನಮೂದಿಸಿದ ಇನ್‌ವಾಯ್ಸ್ ಪಡೆಯುವುದು ಒಳಿತು. ಕಂಪ್ಯೂಟರ್ ಮತ್ತು ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ದರಗಳು ಭಿನ್ನವಾಗಿವೆ.

ವಿದೇಶದಿಂದ ನೇರವಾಗಿ ತರಿಸುವವರು ಗಮನಿಸಬೇಕಾದ ಸಂಗತಿಯೆಂದರೆ, ವೈ-ಫೈ ಮತ್ತು ಬ್ಲೂಟೂತ್ ಸಾಧನಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಉಪಕರಣ ಮಾದರಿ ಅನುಮೋದನೆ ಬೇಕಾಗುತ್ತದೆ. ಅನುಮೋದನೆಯಿಲ್ಲದ ಸರಕು ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಳ್ಳಬಹುದು.

ಕನ್ನಡಕದಲ್ಲಿ ಕ್ಯಾಮೆರಾ ಇರುವುದರಿಂದ ಕಾರ್ಮಿಕರ ಹಾಗೂ ಸಂದರ್ಶಕರ ಚಿತ್ರಗಳು ದಾಖಲಾಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತಿವೆ. ಜಾಬ್ ವರ್ಕ್ ಮಾಡುವ ಘಟಕಗಳು ಗ್ರಾಹಕರ ನಕ್ಷೆಗಳು ಈ ಕ್ಯಾಮೆರಾದ ಮೂಲಕ ಹೊರಹೋಗದಂತೆ ಒಪ್ಪಂದದಲ್ಲಿಯೂ ಕಾರ್ಯದಲ್ಲಿಯೂ ಎಚ್ಚರ ವಹಿಸಬೇಕು.

ಧರಿಸುವವರ ಅನುಕೂಲ

ಎಷ್ಟೇ ಉತ್ತಮ ಸಂಪರ್ಕವಿದ್ದರೂ ಕಾರ್ಮಿಕನು ಧರಿಸಲು ಒಪ್ಪದಿದ್ದರೆ ಫಲವಿಲ್ಲ. ದೃಷ್ಟಿದೋಷಕ್ಕೆ ಕನ್ನಡಕ ಧರಿಸುವವರಿಗೆ ಇದು ಹೊಂದುತ್ತದೆಯೇ, ಹೆಲ್ಮೆಟ್ ಜೊತೆ ಕೂರುತ್ತದೆಯೇ, ಪ್ರೆಸ್ ಯಂತ್ರದ ಸದ್ದಿನ ನಡುವೆ ಧ್ವನಿಯ ಆಜ್ಞೆ ಕೇಳಿಸುತ್ತದೆಯೇ ಎಂಬುದನ್ನು ಸ್ಥಳದಲ್ಲಿಯೇ ಪರೀಕ್ಷಿಸಬೇಕು. ಸೂಚನೆಗಳು ಕನ್ನಡದಲ್ಲಿದ್ದರೆ ಒತ್ತಕ್ಷರಗಳು ಸಣ್ಣ ಪರದೆಯಲ್ಲಿ ಒಡೆಯದೆ ಮೂಡುತ್ತವೆಯೇ ಎಂಬುದನ್ನೂ ನೋಡಬೇಕು. ಸುರಕ್ಷತಾ ಪ್ರಮಾಣಪತ್ರವಿಲ್ಲದ ಎ.ಆರ್. ಕನ್ನಡಕವು ಗ್ರೈಂಡಿಂಗ್ ಮುಂತಾದ ಕೆಲಸಗಳಲ್ಲಿ ರಕ್ಷಣಾ ಕನ್ನಡಕಕ್ಕೆ ಬದಲಿಯಾಗಲಾರದು.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈಗಿರುವ ಸ್ಕ್ಯಾನರ್, ಅಳತೆ ಉಪಕರಣ ಮತ್ತು ಯಂತ್ರಗಳ ಪೈಕಿ ಯಾವುವು ನೇರವಾಗಿ ಜೋಡಣೆಯಾಗುತ್ತವೆ, ಯಾವುದಕ್ಕೆ ಗೇಟ್‌ವೇ ಬೇಕು?
2. ಇಂಟರ್‌ನೆಟ್ ಕಡಿದುಹೋದಾಗಲೂ ಕನ್ನಡಕ ಕಾರ್ಯ ನಿರ್ವಹಿಸುತ್ತದೆಯೇ?
3. ತಾಂತ್ರಿಕ ಬೆಂಬಲ ಯಾವ ದಿನಾಂಕದವರೆಗೆ ಎಂಬುದನ್ನು ಲಿಖಿತವಾಗಿ ನೀಡುತ್ತಾರೆಯೇ?
4. ಒಪ್ಪಂದ ಮುಗಿದಾಗ ಎಲ್ಲ ದಾಖಲೆಗಳೂ ಸಾಮಾನ್ಯ ನಮೂನೆಯಲ್ಲಿ ವಾಪಸು ಸಿಗುತ್ತವೆಯೇ?
5. ಪೂರ್ಣ ಪಾಳಿಗೆ ಬ್ಯಾಟರಿ ಸಾಕಾಗುತ್ತದೆಯೇ, ಬದಲಿ ಬ್ಯಾಟರಿ ಹಾಕಬಹುದೇ?
6. ಖರೀದಿಗೆ ಮುನ್ನ ಉದ್ದಿಮೆಯ ಸ್ವಂತ ಶೆಡ್ಡಿನಲ್ಲಿ ಎರಡು ವಾರಗಳ ಪ್ರಯೋಗಕ್ಕೆ ಅವಕಾಶವಿದೆಯೇ?

ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ದೊರೆತ ನಂತರವೂ ಹೂಡಿಕೆಯ ಕ್ರಮ ಮುಖ್ಯ. ಮೊದಲು ಅಂಕಿಯನ್ನು ಕಳುಹಿಸಬಲ್ಲ ಅಳತೆ ಉಪಕರಣಗಳು, ನಂತರ ಜಾಲ ಮತ್ತು ಗೇಟ್‌ವೇ, ಆನಂತರ ಕೆಲಸದ ಸೂಚನೆಗಳ ದಾಖಲೀಕರಣ, ಕೊನೆಯಲ್ಲಿ ಕನ್ನಡಕ. ಈ ಕ್ರಮದಲ್ಲಿ ಮೊದಲ ಮೂರು ಹಂತಗಳ ಪ್ರಯೋಜನ ಸಾಮಾನ್ಯ ಟ್ಯಾಬ್ಲೆಟ್ ಮೂಲಕವೂ ದೊರೆಯುತ್ತದೆ. ಟ್ಯಾಬ್ಲೆಟ್ಟೇ ಸಾಕೆಂದು ಕಂಡುಬಂದರೆ ಕನ್ನಡಕದ ಹಣ ಉಳಿಯಿತು. ಎರಡೂ ಕೈ ಮುಕ್ತವಾಗಿರಬೇಕಾದ ಕೆಲಸವೆಂದು ಖಚಿತವಾದರೆ ಆ ದಿನ ಮಾರುಕಟ್ಟೆಯಲ್ಲಿರುವ ಉತ್ತಮ ಕನ್ನಡಕವನ್ನು ಕೊಂಡು ಸಿದ್ಧವಿರುವ ವ್ಯವಸ್ಥೆಗೆ ಜೋಡಿಸಬಹುದು. ಕನ್ನಡಕದ ಮಾದರಿಗಳು ಬರುತ್ತವೆ, ಹೋಗುತ್ತವೆ. ಉದ್ದಿಮೆಯ ಅಳತೆಗಳು ಮತ್ತು ದಾಖಲೆಗಳು ಉದ್ದಿಮೆಯಲ್ಲಿಯೇ ಉಳಿಯಬೇಕು.